ಎಂಟಡಿಯ ರಂಗಸ್ಥಳ

ಅಮೆರಿಕದ ನಾಟಕಕಾರ ರಾಬರ್ಟ್ ಪ್ಯಾಟ್ರಿಕ್ 2023ರ ಏಪ್ರಿಲ್‌ನಲ್ಲಿ, ತಮ್ಮ 85ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮಲ್ಲಿ ಅವರ ಹೆಸರು ಕೇಳಿದವರು ವಿರಳ. ಆದರೂ ಅವರ ಜೀವನದಲ್ಲಿ ನಮ್ಮಂತಹವರು ಗಮನಿಸಬೇಕಾದ ಸಂಗತಿಯೊಂದಿದೆ.

ಟೆಕ್ಸಾಸಿನಲ್ಲಿ ಹುಟ್ಟಿದ ಪ್ಯಾಟ್ರಿಕ್ 1961ರಲ್ಲಿ ನ್ಯೂಯಾರ್ಕಿಗೆ ಬಂದು 'ಕೆಫೆ ಚೀನೋ' ಎಂಬ ಕಾಫಿ ಅಂಗಡಿಯನ್ನು ಸೇರಿದರು. ಜೋ ಚೀನೋ 1958ರಲ್ಲಿ ತೆರೆದ ಈ ಅಂಗಡಿಯಲ್ಲಿ ಎಂಟಡಿ ಉದ್ದಗಲದ ಪುಟ್ಟ ರಂಗಸ್ಥಳವೊಂದಿತ್ತು. ನಟರಿಗೆ ಸಂಬಳವಿಲ್ಲ, ಪ್ರೇಕ್ಷಕರ ನಡುವೆ ಟೋಪಿ ಹಿಡಿದು ಬಂದಷ್ಟೇ ಸಂಭಾವನೆ. ಬಾಗಿಲು ಕಾಯುವುದು, ಕಾಫಿ ಕೊಡುವುದು ಮುಂತಾದ ಕೆಲಸಗಳನ್ನು ಮಾಡುತ್ತಲೇ ಪ್ಯಾಟ್ರಿಕ್ ನಾಟಕಕಾರರಾದರು.

ಅವರು ಸಲಿಂಗಾನುರಾಗಿ. ಅಂಥವರ ಬದುಕನ್ನು ರಂಗದಲ್ಲಿ ತೋರಿಸಿದರೆ ನಾಟಕಶಾಲೆಗೆ ಬೀಗ ಜಡಿಯಲು ಅವಕಾಶವೀಯುವ 1927ರ ಕಾನೂನು ನ್ಯೂಯಾರ್ಕಿನಲ್ಲಿ 1967ರವರೆಗೂ ಊರ್ಜಿತದಲ್ಲಿತ್ತು. ಆ ಕಾಲದಲ್ಲಿಯೇ, 1964ರಲ್ಲಿ, ಅವರ 'ದಿ ಹಾಂಟೆಡ್ ಹೋಸ್ಟ್' ಅಲ್ಲಿ ರಂಗವೇರಿತು. ಆತ್ಮಹತ್ಯೆ ಮಾಡಿಕೊಂಡ ಪ್ರಿಯಕರನ ನೆನಪಿನಿಂದ ಬಿಡಿಸಿಕೊಳ್ಳಲು ಹೆಣಗುವ ನಾಟಕಕಾರನೇ ಅದರ ನಾಯಕ. ಅದೇ ವರ್ಷ ಅಲ್ಲಿ ಇಂತಹುದೇ ವಸ್ತುವಿನ ನಾಟಕವಾಡಿಸಿದ ಲ್ಯಾನ್‌ಫರ್ಡ್ ವಿಲ್ಸನ್‌ರಿಗೆ 1980ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಜೋ ಚೀನೋ 1967ರಲ್ಲಿ ತೀರಿಕೊಂಡರು. ಮರುವರ್ಷ ಕೆಫೆ ಮುಚ್ಚಿತು. ಆದರೆ ದೊಡ್ಡ ರಂಗಮಂದಿರಗಳು ಹೇಳಲು ಅಂಜಿದ ಮಾತನ್ನು ಅದು ಅಷ್ಟರಲ್ಲಿ ಹೇಳಿ ಮುಗಿಸಿತ್ತು.

ದೂರದ ಊರಿನ ಈ ಕಥೆ ನಮಗೇಕೆ ಎಂದು ಕೇಳುವವರು ಇರಬಹುದು. ನಮ್ಮ ಸುಪ್ರೀಂ ಕೋರ್ಟು ವಯಸ್ಕರ ಪರಸ್ಪರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು 2018ರ ಸೆಪ್ಟೆಂಬರ್ 6ರಂದೇ ತೀರ್ಪಿತ್ತಿದೆ. ಕಾನೂನು ಬದಲಾದ ಮಾತ್ರಕ್ಕೆ ಮನೆ ಬದಲಾಗುವುದಿಲ್ಲ. ಯಕ್ಷಗಾನದ ಸ್ತ್ರೀವೇಷಕ್ಕೆ ಮನಸಾರೆ ಚಪ್ಪಾಳೆ ತಟ್ಟುವ ನಾವೇ, ಬೀದಿಯಲ್ಲಿ ಹುಡುಗನೊಬ್ಬನ ನಡಿಗೆಯನ್ನು ಕಂಡು ಗೇಲಿ ಮಾಡುತ್ತೇವೆ. ವಾರ್ಷಿಕೋತ್ಸವದ ನಾಟಕಗಳಲ್ಲಿ ನಗೆ ಬೇಕಾದಾಗ ಅಂಥವನನ್ನೇ ರಂಗಕ್ಕೆ ಎಳೆದು ತರುತ್ತೇವೆ. ಆ ನಗೆಯ ನಡುವೆ ಬಾಯಿ ಮುಚ್ಚಿ ಕುಳಿತ ಮಗ ಯಾರ ಮನೆಯವನೂ ಆಗಿರಬಹುದು.

ಎಣಿಕೆಯಲ್ಲಿ ಕಡಿಮೆಯೆಂಬ ಕಾರಣಕ್ಕೆ ನಮ್ಮ ನುಡಿಯನ್ನು ಕಡೆಗಣಿಸಬಾರದೆಂದು 1956ರಿಂದಲೂ ವಾದಿಸುತ್ತ ಬಂದವರು ನಾವು. ನಮ್ಮೊಳಗೇ ಎಣಿಕೆಯಲ್ಲಿ ಕಡಿಮೆಯಾದವರಿಗೆ ಆ ನ್ಯಾಯವನ್ನು ನಿರಾಕರಿಸಿದರೆ ನಮ್ಮ ವಾದಕ್ಕೆ ಬೆಲೆಯೆಲ್ಲಿ? ನಮ್ಮ ಕಲಾಸಂಘಗಳು ಈ ಬಗೆಯ ಹಾಸ್ಯವನ್ನು ಕೈಬಿಡಲಿ. ತಂದೆತಾಯಂದಿರು ಮಕ್ಕಳ ಮಾತನ್ನು ಪೂರ್ತಿ ಕೇಳಿದ ಮೇಲೆಯೇ ಉತ್ತರಿಸಲಿ. ಇದಕ್ಕೆ ಎಂಟಡಿಯ ರಂಗಸ್ಥಳವೂ ಬೇಕಾಗಿಲ್ಲ, ಮನೆಯ ಜಗಲಿ ಸಾಕು.