ಮನೆಗೆ ಬಣ್ಣ ಬಳಿಸುವ ಮುನ್ನ ಕೇಳಬೇಕಾದ ಎರಡು ಪ್ರಶ್ನೆಗಳು: ಈರುಳ್ಳಿ ಫಾರ್ವರ್ಡ್ ಹೇಳದ ಸಂಗತಿ

ಹಬ್ಬ ಹತ್ತಿರ ಬಂತೆಂದರೆ ಮನೆಗೆ ಬಣ್ಣ ಬಳಿಸುವ ಮಾತು ಶುರುವಾಗುತ್ತದೆ. ಅದರ ಹಿಂದೆಯೇ ವಾಟ್ಸಾಪ್ ಗ್ರೂಪಿಗೆ ಈ ಫಾರ್ವರ್ಡ್ ಕೂಡ ಬರುತ್ತದೆ: "ಹೊಸ ಪೇಂಟ್ ವಾಸನೆ ವಿಷ! ಕೋಣೆಯ ನಾಲ್ಕು ಮೂಲೆಯಲ್ಲಿ ಈರುಳ್ಳಿ ಕತ್ತರಿಸಿ ಇಡಿ. ಬೆಳಗಾಗುವುದರೊಳಗೆ ವಿಷವನ್ನೆಲ್ಲ ಹೀರಿಕೊಳ್ಳುತ್ತದೆ." ನಮ್ಮ ಮನೆಯ ಗ್ರೂಪಿಗೂ ಬಂದಿತ್ತು. ಅಮ್ಮ ಇಟ್ಟೂ ನೋಡಿದರು. ಬೆಳಗ್ಗೆ ಎದ್ದಾಗ ಕೋಣೆಯಲ್ಲಿ ಪೇಂಟ್ ವಾಸನೆಯ ಜೊತೆ ಈರುಳ್ಳಿ ವಾಸನೆಯೂ ಸೇರಿಕೊಂಡಿತ್ತು.

ಇದರಿಂದ ಆಗುವ ನಷ್ಟ ಅರ್ಧ ಕಿಲೋ ಈರುಳ್ಳಿ ಅಷ್ಟೇ ಅನ್ನಬಹುದು. ಆದರೆ ಇಂಥ ಸಂದೇಶಗಳು ನಮ್ಮ ಗಮನವನ್ನೆಲ್ಲ ಹೊಸ ಬಣ್ಣದ ವಾಸನೆಯ ಕಡೆಗೆ ತಿರುಗಿಸಿಬಿಡುತ್ತವೆ. ಹಳೆಯ ಮನೆಗಳಲ್ಲಿ ಹೆಚ್ಚು ಎಚ್ಚರ ಬೇಕಿರುವುದು ವಾಸನೆಯೇ ಇಲ್ಲದ ಹಳೆ ಬಣ್ಣದ ಧೂಳಿನ ಬಗ್ಗೆ. ಹಾಗೆಯೇ, ಬಣ್ಣ ಬಳಿಸಿದ ವರ್ಷದೊಳಗೇ ಗೋಡೆ ಹಪ್ಪಳದಂತೆ ಏಳುವುದಕ್ಕೆ ಹಲವು ಸಲ ಕಾರಣ ಡಬ್ಬಿಯೊಳಗಿನ ಬಣ್ಣವಲ್ಲ, ಗೋಡೆಯೊಳಗಿನ ನೀರು. ಆದ್ದರಿಂದ ಯಾವ ಬಣ್ಣ ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಈಗಿರುವ ಹಳೆ ಪದರ ಯಾವುದು? ಗೋಡೆಗೆ ನೀರು ಎಲ್ಲಿಂದ ಬರುತ್ತಿದೆ?

ಮೊದಲು ವಾಸನೆಯ ವಿಚಾರ ಮುಗಿಸೋಣ

ಬಣ್ಣ ಒಣಗುವಾಗ ಅದರಲ್ಲಿರುವ ಕೆಲವು ರಾಸಾಯನಿಕಗಳು ಆವಿಯಾಗಿ ಗಾಳಿಗೆ ಸೇರುತ್ತವೆ. ಇವನ್ನೇ ಲೇಬಲ್ ಮೇಲೆ 'ವಿಒಸಿ' ಎಂದು ಬರೆದಿರುತ್ತಾರೆ. ಥಿನ್ನರ್ ಬೆರೆಸುವ ಎನಾಮೆಲ್ ಪೇಂಟ್‌ಗಳಲ್ಲಿ ಇವು ಹೆಚ್ಚು, ನೀರು ಬೆರೆಸುವ ಎಮಲ್ಷನ್‌ಗಳಲ್ಲಿ ಕಡಿಮೆ. ತಲೆನೋವು, ಕಣ್ಣುರಿ, ಗಂಟಲು ಕೆರೆತ ಆಗಬಹುದು. ಆಸ್ತಮಾ ಇರುವವರಿಗೆ ತೊಂದರೆ ಜಾಸ್ತಿ.

ಈರುಳ್ಳಿ ಈ ಆವಿಯನ್ನು ಹೀರಿ ಕೋಣೆಯನ್ನು ಸ್ವಚ್ಛ ಮಾಡುವುದಿಲ್ಲ. ತನ್ನ ಘಾಟಿನಿಂದ ಬೇರೆ ವಾಸನೆ ಗೊತ್ತಾಗದಂತೆ ಮಾಡುತ್ತದೆ, ಅಷ್ಟೇ. ಆವಿ ಹೊರಹೋಗಲು ಇರುವ ದಾರಿ ಗಾಳಿಯೇ. ಎದುರುಬದುರು ಕಿಟಕಿ ತೆರೆದಿಡಿ, ಫ್ಯಾನ್ ಹಾಕಿ, ಕೆಲವು ದಿನ ಆ ಕೋಣೆಯಲ್ಲಿ ಮಲಗಬೇಡಿ. 'ವಾಸನೆರಹಿತ' ಎಂದು ಬರೆದ ಮಾತ್ರಕ್ಕೆ ವಿಒಸಿ ಕಡಿಮೆ ಎಂದೇನೂ ಅಲ್ಲ. ಅದನ್ನು ಲೇಬಲ್‌ನಲ್ಲಿ ಬೇರೆಯಾಗಿಯೇ ನೋಡಬೇಕು.

ಮೊದಲ ಪ್ರಶ್ನೆ: ಹಳೆ ಪದರ ಯಾವುದು?

ಹಿಂದೆ ಬಣ್ಣಗಳಿಗೆ ಸೀಸ, ಅಂದರೆ ಲೆಡ್ ಬೆರೆಸುವುದು ಮಾಮೂಲಾಗಿತ್ತು. ಗಾಢ ಹಳದಿ, ಕಿತ್ತಳೆ, ಕೆಂಪು ಬಣ್ಣ ಬರಲು, ಪೇಂಟ್ ಬೇಗ ಒಣಗಲು, ಕಬ್ಬಿಣ ತುಕ್ಕು ಹಿಡಿಯದಿರಲು ಸೀಸದ ಸಂಯುಕ್ತಗಳು ಬೇಕಾಗುತ್ತಿದ್ದವು. ಹೀಗಾಗಿ ಬಾಗಿಲು, ಕಿಟಕಿ, ಗ್ರಿಲ್, ಗೇಟುಗಳಿಗೆ ಹಚ್ಚುವ ಎನಾಮೆಲ್‌ನಲ್ಲಿ ಇದು ಹೆಚ್ಚಾಗಿರುತ್ತಿತ್ತು.

ಭಾರತ ಸರ್ಕಾರ 2016ರಲ್ಲಿ ಇದಕ್ಕೆ ಮಿತಿ ಹಾಕಿ ನಿಯಮ ಹೊರಡಿಸಿತು. ಅದು 2017ರ ನವೆಂಬರ್‌ನಿಂದ ಜಾರಿಗೆ ಬಂತು. ಇದರ ಪ್ರಕಾರ ಮನೆ ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ, ಅಂದರೆ ಒಂದು ಕಿಲೋಗೆ 90 ಮಿಲಿಗ್ರಾಂ ಮೀರಬಾರದು. ಡಬ್ಬಿಯ ಮೇಲೂ ಇದನ್ನು ನಮೂದಿಸಬೇಕು. ಆದರೆ ನಿಯಮ ಹೊಸ ಡಬ್ಬಿಗೆ ಅನ್ವಯಿಸುತ್ತದೆಯೇ ಹೊರತು ನಿಮ್ಮ ಮನೆ ಬಾಗಿಲ ಮೇಲೆ ಇಪ್ಪತ್ತು ವರ್ಷದಿಂದ ಕೂತಿರುವ ಪದರಕ್ಕಲ್ಲ.

ಆ ಪದರ ಗಟ್ಟಿಯಾಗಿ ಅಂಟಿಕೊಂಡಿರುವವರೆಗೆ ಅಪಾಯ ಕಡಿಮೆ. ಎಮರಿ ಪೇಪರ್ ಹಿಡಿದು ಒಣದಾಗಿ ಉಜ್ಜಿದ ದಿನ ಅದು ನುಣ್ಣನೆಯ ಧೂಳಾಗಿ ನೆಲ, ಹಾಸಿಗೆ, ಆಟಿಕೆಗಳ ಮೇಲೆಲ್ಲ ಕೂರುತ್ತದೆ. ಅಂಬೆಗಾಲಿಡುವ ಮಗು ಅದರ ಮೇಲೆ ಕೈಯೂರಿ, ಅದೇ ಕೈಯನ್ನು ಬಾಯಿಗಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ 4ರಿಂದ 5 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ರಕ್ತದಲ್ಲಿ ಇಷ್ಟಿದ್ದರೆ ಪರವಾಗಿಲ್ಲ ಎನ್ನುವಂಥ ಸುರಕ್ಷಿತ ಮಟ್ಟವೂ ಇಲ್ಲ. ಬುದ್ಧಿ ಬೆಳವಣಿಗೆ, ಏಕಾಗ್ರತೆ, ಕಲಿಕೆಯ ಮೇಲೆ ಆಗುವ ಪರಿಣಾಮ ತಕ್ಷಣ ಕಣ್ಣಿಗೆ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಸರಿಪಡಿಸುವುದು ಕಷ್ಟ.

ಇದು ಎಲ್ಲೋ ವಿದೇಶದ ಸಮಸ್ಯೆಯಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬಗ್ಗೆ ಜಾಗೃತಿ ಮೂಡಿಸಲು ದಶಕಗಳ ಕಾಲ ದುಡಿದವರು.

ಕೆರೆಯುವ ದಿನ ಏನು ಮಾಡಬೇಕು?

• ಹಳೆ ಪದರ ಏಳದೆ ಗಟ್ಟಿಯಾಗಿದ್ದರೆ ಪೂರ್ತಿ ಕಿತ್ತು ತೆಗೆಯುವ ಹಟ ಬೇಡ. ಅದರ ಮೇಲೆಯೇ ಬಳಿಯಬಹುದೇ ಎಂದು ಪೇಂಟರ್‌ನ್ನು ಕೇಳಿ.
• ಉಜ್ಜಲೇಬೇಕಾದರೆ ಒದ್ದೆ ಮಾಡಿ ಉಜ್ಜಲಿ. ಸ್ವಿಚ್ ಬೋರ್ಡ್ ಹತ್ತಿರವಾದರೆ ಮೇನ್ ಆಫ್ ಮಾಡಿ.
• ಹಳೆ ಪೇಂಟನ್ನು ಬೆಂಕಿಯಿಂದ ಸುಟ್ಟು ತೆಗೆಯಬಾರದು. ಸೀಸದ ಹೊಗೆ ಧೂಳಿಗಿಂತ ಕೆಟ್ಟದ್ದು.
• ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ. ಕೆಲಸ ಮುಗಿದ ಮೇಲೆ ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.
• ಗರ್ಭಿಣಿಯರು, ಚಿಕ್ಕ ಮಕ್ಕಳು ಆ ದಿನಗಳಲ್ಲಿ ಬೇರೆ ಕಡೆ ಇದ್ದರೆ ಒಳ್ಳೆಯದು.

ಎಲ್ಲರಿಗಿಂತ ಹೆಚ್ಚು ಧೂಳು ಕುಡಿಯುವವರು ಪೇಂಟರ್‌ಗಳೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಪೇಂಟರ್ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ಮುಖಕ್ಕೆ ಕಟ್ಟಿಕೊಳ್ಳುವ ಕರ್ಚೀಫು ನುಣ್ಣನೆಯ ಧೂಳನ್ನು ತಡೆಯುವುದಿಲ್ಲ. ಸರಿಯಾದ ಮಾಸ್ಕ್, ಊಟಕ್ಕೆ ಮುಂಚೆ ಕೈ ತೊಳೆಯಲು ಸೋಪು ನೀರು ಕೊಡುವುದು ಮನೆಯವರ ಜವಾಬ್ದಾರಿ ಎಂದುಕೊಳ್ಳಿ.

ಎರಡನೇ ಪ್ರಶ್ನೆ: ನೀರು ಎಲ್ಲಿಂದ?

"ಈ ವಾಟರ್‌ಪ್ರೂಫ್ ಪೇಂಟ್ ಹಚ್ಚಿದರೆ ಗೋಡೆ ತೇವ ಮಾಯ" ಎಂಬುದು ಇನ್ನೊಂದು ಜನಪ್ರಿಯ ನಂಬಿಕೆ. ನಮ್ಮ ಮನೆಯ ಮೂಲೆಯೊಂದಕ್ಕೆ ಎರಡು ವರ್ಷದಲ್ಲಿ ಎರಡು ಸಲ ಬಣ್ಣ ಹಚ್ಚಿಸಿದೆವು. ಮೂರನೇ ಸಲ ಗೊತ್ತಾಯಿತು, ಗೋಡೆಯ ಆಚೆ ಬದಿಯ ಬಾತ್‌ರೂಮ್ ಪೈಪು ಸೋರುತ್ತಿತ್ತು.

ನೀರು ಒಳಗಿನಿಂದ ಬರುತ್ತಿರುವಾಗ ಹೊರಗೆ ಗಟ್ಟಿ ಪದರ ಹಚ್ಚಿದರೆ ನೀರು ಅದರ ಹಿಂದೆ ನಿಲ್ಲುತ್ತದೆ, ಬಣ್ಣವನ್ನು ಗುಳ್ಳೆಯಂತೆ ತಳ್ಳುತ್ತದೆ. ನೀರಿನಲ್ಲಿ ಕರಗಿದ ಲವಣಗಳು ಮೇಲೆ ಬಂದು ಬಿಳಿ ಉಪ್ಪಿನಂತೆ ಕೂರುತ್ತವೆ. ಅದನ್ನು ಕೆರೆದು ಪುಟ್ಟಿ ಹಾಕಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕತೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ ನೀರಹನಿ ಕಂಡರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಆಗ ಬೇಕಿರುವುದು ಪ್ಲಂಬರ್ ಅಥವಾ ಗಾರೆ ಮೇಸ್ತ್ರಿ. ಮುಂಬದಿಯಲ್ಲಿ ಹನಿ ಕಂಡರೆ ಕೋಣೆಯ ಗಾಳಿಯಲ್ಲೇ ತೇವ ಹೆಚ್ಚು, ಗಾಳಿಯಾಡುವಂತೆ ಮಾಡಬೇಕು. ಹೊಸ ಗೋಡೆಯಾದರೆ ಗಾರೆ ಚೆನ್ನಾಗಿ ಒಣಗುವವರೆಗೆ, ಕನಿಷ್ಠ ನಾಲ್ಕು ವಾರ, ಕಾಯಿರಿ.

ಯಾವುದಕ್ಕೆ ಯಾವ ಫಿನಿಶ್?

ದುಬಾರಿ ಎಂದರೆ ಎಲ್ಲ ಕಡೆಗೂ ಒಳ್ಳೆಯದು ಎಂದಲ್ಲ. ಹೊಳೆಯುವ ಫಿನಿಶ್ ಬೆಳಕನ್ನು ಪ್ರತಿಫಲಿಸಿ ಗೋಡೆಯ ಉಬ್ಬುತಗ್ಗನ್ನೆಲ್ಲ ಎತ್ತಿ ತೋರಿಸುತ್ತದೆ. ಮ್ಯಾಟ್ ಫಿನಿಶ್ ಅದನ್ನು ಮರೆಮಾಚುತ್ತದೆ, ಆದರೆ ಕಲೆ ಒರೆಸುವುದು ಕಷ್ಟ. ಹೀಗಾಗಿ ಸೀಲಿಂಗ್‌ಗೆ ಮ್ಯಾಟ್, ಅಡುಗೆಮನೆಗೆ ಮತ್ತು ಮಕ್ಕಳ ಕೈ ತಾಗುವ ಗೋಡೆಗೆ ತೊಳೆಯಬಹುದಾದ ಸ್ಯಾಟಿನ್, ಬಾಗಿಲು ಗ್ರಿಲ್‌ಗೆ ಎನಾಮೆಲ್ ಹೊಂದುತ್ತದೆ. ನೀರು ಬೆರೆಸುವ ಎನಾಮೆಲ್ ಕೂಡ ಈಗ ಸಿಗುತ್ತದೆ. ಡಿಸ್ಟೆಂಪರ್ ಅಗ್ಗ, ಆದರೆ ತೇವ ತಡೆಯದು.

ಮಲೆನಾಡು, ಕರಾವಳಿಯ ಹಳೆ ಮಣ್ಣಿನ ಗೋಡೆಗೆ, ಸುಣ್ಣದ ಗಾರೆಯ ಗೋಡೆಗೆ ಸುಣ್ಣವೇ ವಾಸಿ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಆದರೂ ಗೋಡೆಯೊಳಗಿನ ತೇವ ಹೊರಹೋಗಲು ಬಿಡುತ್ತದೆ. ಅದರ ಕ್ಷಾರಗುಣದಿಂದ ಬೂಷ್ಟು ಹಿಡಿಯುವುದೂ ಕಡಿಮೆ.

ಪೇಂಟರ್ ಜೊತೆ ಮಾತಾಡುವಾಗ

"ಒಟ್ಟು ಎಷ್ಟಾಗುತ್ತೆ?" ಎಂದಷ್ಟೇ ಕೇಳಬೇಡಿ. ಕೆರೆಯುವುದು, ಬಿರುಕು ಮುಚ್ಚುವುದು, ಪುಟ್ಟಿ, ಪ್ರೈಮರ್, ಎಷ್ಟು ಕೋಟ್ ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ರೇಟು ಕಡಿಮೆ ಹೇಳಿದವರು ಹೆಚ್ಚಾಗಿ ಕೈಬಿಡುವುದು ಈ ತಯಾರಿ ಕೆಲಸವನ್ನೇ.

ಅಳತೆ ನೆಲದ್ದೋ ಗೋಡೆಯದ್ದೋ ಎಂದು ಮೊದಲೇ ತೀರ್ಮಾನಿಸಿ. 10 ಅಡಿಗೆ 12 ಅಡಿಯ, 10 ಅಡಿ ಎತ್ತರದ ಕೋಣೆಯ ನೆಲ 120 ಚದರ ಅಡಿ, ನಾಲ್ಕು ಗೋಡೆ ಸೇರಿ 440 ಚದರ ಅಡಿ. ಬಾಗಿಲು ಕಿಟಕಿ ಕಳೆದರೆ ಸುಮಾರು 400. ಈ ಲೆಕ್ಕ ಸ್ಪಷ್ಟವಾಗಿದ್ದರೆ ಕೊನೆಯಲ್ಲಿ ಜಗಳ ಇರುವುದಿಲ್ಲ. ಡಬ್ಬಿಗಳ ಸೀಲ್ ನಿಮ್ಮ ಎದುರೇ ಒಡೆಯಲಿ. ಹಣವನ್ನು ಕೆಲಸ ಮುಗಿದಂತೆ ಕಂತಿನಲ್ಲಿ ಕೊಡಿ. ಒದ್ದೆ ಮಾಡಿ ಉಜ್ಜಲು ಒಂದು ದಿನ ಹೆಚ್ಚು ಬೇಕು ಎಂದರೆ ಆ ದಿನದ ಕೂಲಿಗೆ ಚೌಕಾಸಿ ಮಾಡಬೇಡಿ. ಅದು ನಿಮ್ಮ ಮಗುವಿಗಾಗಿ, ಅವರ ಶ್ವಾಸಕೋಶಕ್ಕಾಗಿ ಕೊಡುವ ದುಡ್ಡು.

ಮುಂದಿನ ಸಲ ಈರುಳ್ಳಿ ಫಾರ್ವರ್ಡ್ ಬಂದರೆ ಬೈಯಬೇಡಿ. "ಈರುಳ್ಳಿ ಸಾಂಬಾರಿಗಿರಲಿ, ಕಿಟಕಿ ತೆಗೆಯಿರಿ. ಹಳೆ ಪೇಂಟನ್ನು ಒದ್ದೆ ಮಾಡಿಯೇ ಉಜ್ಜಿಸಿ" ಎಂದು ಎರಡು ಸಾಲು ಬರೆದು ಅದೇ ಗ್ರೂಪಿಗೆ ಹಾಕಿ.