ಹಳೇ ತಪ್ಪಲೆಗೆ ಮೇಜಿಲ್ಲವೇ?



ಈ ಸಲದ ರಾಜ್ಯೋತ್ಸವಕ್ಕೆ ‘ನಮ್ಮ ಪರಂಪರೆ’ ಎಂಬ ವಸ್ತುಪ್ರದರ್ಶನ ಏರ್ಪಡಿಸಲು ಕಾರ್ಯಕಾರಿ ಸಮಿತಿ ತೀರ್ಮಾನಿಸಿರುವುದು ತಮಗೆಲ್ಲ ತಿಳಿದೇ ಇದೆ. ಬಹಳ ಸಂತೋಷ. ಆದರೆ ಏನೇನು ಇಡಬೇಕೆಂಬ ಪಟ್ಟಿ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಬೀಟೆ ಮರದ ಆನೆ, ಬಿದರಿ ಹೂದಾನಿ, ಚನ್ನಪಟ್ಟಣದ ಬೊಂಬೆ, ಗಂಧದ ಹಾರ. ಎಲ್ಲವನ್ನೂ ಬೆಂಗಳೂರಿನಿಂದ ಹೊಸದಾಗಿ ತರಿಸುವುದಂತೆ. ನಮ್ಮ ಮನೆಯ ಹಿತ್ತಾಳೆ ತಪ್ಪಲೆಯೊಂದನ್ನು ತರಲೇ ಎಂದು ಕೇಳಿದೆ. “ಡಾಕ್ಟ್ರೇ, ಮೇಯರ್ ಬರ್ತಾರೆ, ಹಳೇ ಪಾತ್ರೆ ಇಟ್ರೆ ಏನಂದ್ಕೊಳ್ತಾರೆ?” ಎಂಬ ಉತ್ತರ ಬಂತು. ಹೇಳಿದವರು ನನ್ನ ಗೆಳೆಯರೇ. ಮುಂದಿನ ಶನಿವಾರ ಅವರ ಮನೆಯಲ್ಲೇ ನಮ್ಮ ಊಟ. ಆದರೂ ಬರೆಯುತ್ತಿದ್ದೇನೆ.

ಆ ತಪ್ಪಲೆಯ ವಿಷಯ ಸ್ವಲ್ಪ ಹೇಳಬೇಕು. ಅದರ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ನಮ್ಮಮ್ಮನ ಹೆಸರು, ‘ತಿಪಟೂರು’, 1966 ಎಂದು ಕೊರೆದಿದೆ. ಅದು ಅವರ ಮದುವೆಗೆ ಬಂದ ಉಡುಗೊರೆ. 1997ರಲ್ಲಿ ನಾನು ಇಂಗ್ಲೆಂಡಿಗೆ ಬಂದು ಆಸ್ಪತ್ರೆಯ ವಸತಿಗೃಹದ ಒಂದೇ ಕೋಣೆಯಲ್ಲಿ ಇದ್ದಾಗ ತಪ್ಪಲೆ ಇರಲಿಲ್ಲ. ಎರಡು ವರ್ಷದ ಮೇಲೆ ಅಮ್ಮ ಬಂದಾಗ ಅದರೊಳಗೆ ಚಟ್ನಿಪುಡಿ, ಹುಳಿಪುಡಿ ತುಂಬಿ, ಹಳೇ ಸೀರೆ ಸುತ್ತಿ ತಂದರು. ತೂಕ ಹೆಚ್ಚಾಯಿತೆಂದು ಏರ್‌ಪೋರ್ಟಿನಲ್ಲಿ ಎರಡು ಸೀರೆ ತೆಗೆದು ವಾಪಸ್ ಕಳಿಸಿದರೇ ಹೊರತು ತಪ್ಪಲೆ ಬಿಡಲಿಲ್ಲ. ಇಲ್ಲಿ ಅದರಲ್ಲಿ ಅಡಿಗೆ ಮಾಡಿದ್ದು ಸ್ವಲ್ಪ ದಿನ ಮಾತ್ರ. ಕಲಾಯಿ ಹೋಯಿತು, ಕಲಾಯಿ ಹಾಕುವವನು ನಮ್ಮ ಬೀದಿಗೆ ಬರುವುದಿಲ್ಲ. ಈಗ ಬಾಗಿಲ ಹತ್ತಿರ ಅದರಲ್ಲಿ ಕೊಡೆಗಳನ್ನು ಇಟ್ಟಿದ್ದೇವೆ. ಒಲೆ ಮೇಲಿದ್ದದ್ದು ಮಳೆಯ ದೇಶಕ್ಕೆ ಬಂದು ಕೊಡೆ ಹೊತ್ತಿತು!

ಈ ಕಥೆಗೂ ಪರಂಪರೆಗೂ ಏನು ಸಂಬಂಧ ಎಂದು ಕೇಳುವವರಿಗೆ ಉತ್ತರ ನನ್ನ ಮಗಳಿಂದ ಸಿಕ್ಕಿತು. ಅವಳು ಮೆಡಿಸಿನ್ ಬಿಟ್ಟು ಜಿಯಾಗ್ರಫಿ ಓದುತ್ತೇನೆಂದಾಗ ನಾನೂ ಎಲ್ಲ ತಂದೆಯರಂತೆ ಒಂದು ವಾರ ಮಾತು ಬಿಟ್ಟಿದ್ದೆ. ಭೂಗೋಳ ಎಂದರೆ ನದಿ, ಪರ್ವತ, ರಾಜಧಾನಿಗಳ ಹೆಸರು ಎಂದೇ ನಾವು ಹೈಸ್ಕೂಲಿನಲ್ಲಿ ಕಲಿತದ್ದು. ಈಗ ಅವರು ಮ್ಯೂಸಿಯಮ್ಮುಗಳನ್ನೂ ಮನೆಯ ಸಾಮಾನುಗಳನ್ನೂ ಅಭ್ಯಾಸ ಮಾಡುತ್ತಾರೆ. ಎಷ್ಟು ಹಳೆಯದು, ಎಷ್ಟು ಅಂದ ಎಂದಷ್ಟೇ ಕೇಳಿ ಬಿಡುವುದಿಲ್ಲ. ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಬಂತು, ಯಾರ ಕೈಯಲ್ಲಿ ಬಂತು, ಈಗ ಎಲ್ಲಿಟ್ಟಿದ್ದಾರೆ, ಆ ಜಾಗ ಅದನ್ನು ಏನು ಮಾಡಿತು ಎಂದು ಕೇಳುತ್ತಾರೆ. ನಾವು ರೋಗಿಯ ಹಿಸ್ಟರಿ ತೆಗೆದುಕೊಳ್ಳುವ ಹಾಗೆಯೇ.

ಟಿಪ್ಪುವಿನ ಹುಲಿಯನ್ನೇ ನೋಡಿ. ಲಂಡನ್ನಿಗೆ ಬಂದ ನೆಂಟರನ್ನೆಲ್ಲ ಅದನ್ನು ತೋರಿಸಲು ಕರೆದುಕೊಂಡು ಹೋದವರು ನಾವು. ಶ್ರೀರಂಗಪಟ್ಟಣದ ಅರಮನೆಯಲ್ಲಿ ಅದು ಸುಲ್ತಾನನ ಹೆಮ್ಮೆ. 1799ರಲ್ಲಿ ಕೋಟೆ ಬಿದ್ದ ಮೇಲೆ ಕಂಪನಿಯವರ ಲೂಟಿ. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ತಮಾಷೆಯ ವಸ್ತು: ಬಂದವರೆಲ್ಲ ಹಿಡಿ ತಿರುಗಿಸಿ ಗುರ್ ಎನ್ನಿಸಿ, ಅಲ್ಲಿನ ಲೈಬ್ರರಿಯಲ್ಲಿ ಓದುವವರಿಗೆ ತಲೆನೋವು. 1880ರಲ್ಲಿ ಸೌತ್ ಕೆನ್ಸಿಂಗ್‌ಟನ್ನಿನ ಮ್ಯೂಸಿಯಂ ಸೇರಿತು. ಎರಡನೇ ಮಹಾಯುದ್ಧದಲ್ಲಿ ಬಾಂಬಿನಿಂದ ಮಾಡು ಕುಸಿದು ಪುಡಿಯಾಯಿತು, ಜೋಡಿಸಿದರು. ಮರದ ಹುಲಿ ಒಂದೇ, ಆದರೆ ಜಾಗ ಬದಲಾದಂತೆ ಅದರ ಅರ್ಥವೂ ಬದಲಾಯಿತು. ಅದನ್ನು ವಾಪಸ್ ತರಬೇಕೆಂದು ನಮ್ಮ ಪಾರ್ಟಿಗಳಲ್ಲಿ ಮೇಜು ಕುಟ್ಟುವವರು ಇದ್ದಾರೆ. ಕುಟ್ಟಲಿ, ನಾನೂ ಕುಟ್ಟಿದ್ದೇನೆ. ಆದರೆ ಹಾಗೆ ಕುಟ್ಟಿದವರೇ ಮಾರನೆ ದಿನ ಅತ್ತೆಯ ಚಕ್ಕುಲಿ ಒರಳನ್ನು ಚಾರಿಟಿ ಅಂಗಡಿಗೆ ಹಾಕಿ ಬಂದದ್ದನ್ನು ನೋಡಿದ್ದೇನೆ.

ಮಗಳು ಕೊಟ್ಟ ಇನ್ನೊಂದು ಲೇಖನ ನನ್ನನ್ನು ನಿಜಕ್ಕೂ ಕಲಕಿತು. ದಿವ್ಯಾ ಟೋಲಿಯಾ-ಕೆಲಿ ಎಂಬ ಭೂಗೋಳ ಶಾಸ್ತ್ರಜ್ಞೆ ಲಂಡನ್ನಿನಲ್ಲಿರುವ ದಕ್ಷಿಣ ಏಷ್ಯಾ ಮೂಲದ ಹೆಂಗಸರ ಮನೆಗಳಿಗೆ ಹೋಗಿ, ಅವರ ದೇವರ ಮೂಲೆ, ಗೋಡೆಯ ಚಿತ್ರ, ಊರಿಂದ ತಂದ ಸಣ್ಣಪುಟ್ಟ ಸಾಮಾನು ಇವನ್ನೆಲ್ಲ ನೋಡಿ, ಅವರನ್ನು ಮಾತಾಡಿಸಿ 2004ರಲ್ಲಿ ಬರೆದದ್ದು. ಆ ಸಾಮಾನುಗಳು ಬರೀ ಅಲಂಕಾರಕ್ಕಲ್ಲ, ಬಿಟ್ಟುಬಂದ ಊರುಗಳ ನೆನಪನ್ನು ಅವೇ ಹಿಡಿದಿಟ್ಟಿವೆ ಎಂಬುದು ಅವರ ವಾದ. ಕೆಲವರಿಗೆ ಅದು ಭಾರತ ಮಾತ್ರವಲ್ಲ, ದಾರಿಯಲ್ಲಿ ಸಿಕ್ಕ ಪೂರ್ವ ಆಫ್ರಿಕವೂ ಹೌದು. ಕೇಟ್ಲಿನ್ ಡಿಸಿಲ್ವಿ ಎಂಬ ಮತ್ತೊಬ್ಬಾಕೆ ಅಮೆರಿಕದ ಮೊಂಟಾನಾದಲ್ಲಿ, ಬಿಟ್ಟುಹೋದ ಹೊಲಮನೆಯೊಂದರಲ್ಲಿ ಇಲಿ, ಹುಳ ತಿಂದ ಸಾಮಾನನ್ನೂ ಎಸೆಯದೆ ಅಭ್ಯಾಸ ಮಾಡಿದರು. ಇಲಿ ತಿಂದದ್ದಕ್ಕೆ ಅಲ್ಲಿ ಅಷ್ಟು ಮರ್ಯಾದೆ. ಕೊಡೆ ಇಟ್ಟ ತಪ್ಪಲೆಗೆ ನಮ್ಮಲ್ಲಿ ಮೇಜಿಲ್ಲ!

ಬಿದರಿ ಬೇಡ ಎಂದು ನಾನು ಹೇಳುತ್ತಿಲ್ಲ. ಬಿದರಿಗೆ ಆ ಕಪ್ಪು ಬಣ್ಣ ಬರುವುದು ಬೀದರ ಕೋಟೆಯ ಮಣ್ಣಿನಿಂದ. ಅದಕ್ಕಿಂತ ಒಳ್ಳೆಯ ಭೂಗೋಳ ಪಾಠ ಎಲ್ಲಿದೆ? ಆದರೆ ಅಂಗಡಿಯಿಂದ ನೇರ ಮೇಜಿಗೆ ಬಂದು, ಬೆಲೆಯ ಚೀಟಿ ಕಿತ್ತು, ‘ಬಿದರಿ ಕಲೆ’ ಎಂದು ಕಾರ್ಡ್ ಇಟ್ಟರೆ ಅದು ಕರ್ನಾಟಕದ ಜಾಹೀರಾತು. ನಮ್ಮದು ಹೇಗಾಯಿತು? ನಾವು ಇಲ್ಲಿ ಬದುಕಿದ್ದು, ಮಕ್ಕಳನ್ನು ಬೆಳೆಸಿದ್ದು ಅದರಲ್ಲಿ ಎಲ್ಲಿದೆ? ಮೇಯರ್ ಸಾಹೇಬರಿಗೆ ಆನೆ ನೋಡಿ ಸಂತೋಷವಾಗುತ್ತದೆ, ಒಪ್ಪಿದೆ. ಮಕ್ಕಳಿಗೆ? ಅವರು ಫೋನಿನಲ್ಲಿ ಇದಕ್ಕಿಂತ ದೊಡ್ಡ ಆನೆ ನೋಡಿದ್ದಾರೆ.

ಅವಸರ ಏಕೆ ಎಂದರೆ, ಕಳೆದ ಚಳಿಗಾಲದಲ್ಲಿ ನಮ್ಮ ಹಿರಿಯ ಸದಸ್ಯೆಯೊಬ್ಬರು ಕೇರ್ ಹೋಮಿಗೆ ಹೋದರು. ನಾವೆಲ್ಲ ಬಂದ ಹೊಸದರಲ್ಲಿ ಅವರ ಕೈ ಊಟ ಉಂಡವರು. ಮಕ್ಕಳಿಗೆ ರಜೆ ಇದ್ದದ್ದು ನಾಲ್ಕೇ ದಿನ. ಮನೆ ಖಾಲಿ ಮಾಡುವವರ ವ್ಯಾನ್ ಬಂತು. ಈಳಿಗೆ ಮಣೆ, ಒಬ್ಬಟ್ಟಿನ ಹಂಚು, ಹೆಸರು ಕೊರೆದ ಹನ್ನೆರಡು ಸ್ಟೀಲ್ ಲೋಟ, ಎಲ್ಲ ಒಂದೇ ಸಲಕ್ಕೆ ಹೋಯಿತು. ಮಕ್ಕಳನ್ನು ಬೈಯುವುದಿಲ್ಲ. ಅವು ಏನೆಂದು ಅವರಿಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಆ ಲೋಟಗಳ ಮೇಲಿನ ಹೆಸರು ಯಾರದೆಂದು ಈಗ ಅವರನ್ನೇ ಕೇಳೋಣವೆಂದರೆ ಅವರಿಗೆ ನೆನಪು ಉಳಿದಿಲ್ಲ. ಡಾಕ್ಟರಾಗಿ ನನಗೆ ಆ ಕಾಯಿಲೆಯ ಹೆಸರು ಗೊತ್ತು. ಔಷಧ ಗೊತ್ತಿಲ್ಲ.

ಸಮಿತಿಯವರಲ್ಲಿ ನನ್ನ ಕೋರಿಕೆ ಇಷ್ಟೇ. ಬೆಂಗಳೂರಿನ ಆರ್ಡರ್ ಅರ್ಧಕ್ಕೆ ಇಳಿಸಿ. ಪ್ರತಿ ಮನೆಯಿಂದ ಒಂದು ಸಾಮಾನು ತರಿಸಿ. ಅದರ ಜೊತೆ ಒಂದು ಚೀಟಿ: ಯಾವ ಊರಿನದು, ಯಾರು ತಂದರು, ಯಾವ ವರ್ಷ, ಈಗ ಮನೆಯಲ್ಲಿ ಎಲ್ಲಿರುತ್ತದೆ. ಬರೆಯುವ ಕೆಲಸ ಮಕ್ಕಳದು, ಹೇಳುವ ಕೆಲಸ ಅಜ್ಜಿ ತಾತಂದಿರದು. ಊರಿನಲ್ಲಿರುವ ಅಜ್ಜಿಗೆ ಫೋನ್ ಮಾಡಿ ಕೇಳಿದರೂ ಆಯಿತು.

ನನ್ನ ತಪ್ಪಲೆಯಂತೂ ಬರುತ್ತದೆ. ಹಾಲಿನಲ್ಲಿ ಮೇಜು ಸಿಗದಿದ್ದರೆ ಕಾರ್ ಪಾರ್ಕಿನಲ್ಲಿ ಡಿಕ್ಕಿ ತೆಗೆದು ಅಲ್ಲೇ ಇಡುತ್ತೇನೆ. ಮಾರಾಟಕ್ಕಲ್ಲ ಎಂದು ಬೋರ್ಡ್ ಹಾಕುತ್ತೇನೆ. ಮಳೆ ಬಂದರೆ ಕೊಡೆಗಳು ಅದರಲ್ಲೇ ಇವೆ.