ಬೆರಳು ಕೊಟ್ಟು ಕಲಿಯುವ ಕೆಲಸವಲ್ಲ



ಎಸ್ಟೇಟಿನ ಲೈನ್ ಮನೆಗಳಲ್ಲಿ ಬೆಳೆದ ಹುಡುಗರು ಮರಗೆಲಸದ ಶೆಡ್ಡು ಸೇರುವುದುಂಟು. ಕೈಕಸುಬು ಕಲಿಯುವುದು ಸಂತೋಷವೇ. ಆದರೆ ಅಲ್ಲಿ ಕೈಗೆ ಬರುವ ರೂಟರ್ ಯಂತ್ರ ನಿಮಿಷಕ್ಕೆ 10,000ದಿಂದ 25,000 ಸುತ್ತು ತಿರುಗುತ್ತದೆ. ಅದರ ಬಿಟ್‌ಗೆ ಮರವೂ ಒಂದೇ, ಬೆರಳೂ ಒಂದೇ.

ಮೊದಲು ಬಿಟ್ ಆರಿಸುವ ಮಾತು. ಹೈಸ್ಪೀಡ್ ಸ್ಟೀಲ್ ಬಿಟ್ ಅಗ್ಗ, ಮೆದು ಮರಕ್ಕೆ ಸಾಕು. ಪ್ಲೈವುಡ್ಡಿನ ಅಂಟು ಅದನ್ನು ಬೇಗ ಮೊಂಡು ಮಾಡುತ್ತದೆ. ಅದಕ್ಕೆ ಕಾರ್ಬೈಡ್ ತುದಿಯದೇ ಬೇಕು. ಯಂತ್ರಕ್ಕೆ ಹೊಂದುವುದಾದರೆ ಕಾಲಂಗುಲ ಕಡ್ಡಿಯದಕ್ಕಿಂತ ಅರ್ಧ ಅಂಗುಲದ್ದು ಮೇಲು. ಅದು ಕಡಿಮೆ ಅದುರುತ್ತದೆ. ಇನ್ನೊಂದು ಎಚ್ಚರ: ಕಾಲಂಗುಲವೆಂದರೆ 6.35 ಮಿ.ಮೀ. ಆ ಕೋಲೆಟ್ಟಿಗೆ 6 ಮಿ.ಮೀ. ಬಿಟ್ ಹಾಕಿದರೆ ಬಿಗಿಯಾದಂತೆ ಕಂಡರೂ ಓಡುವಾಗ ಜಾರಿ ಹಾರೀತು.

ಬಿಟ್ ಬದಲಿಸುವ ಮುನ್ನ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಕಡ್ಡಿಯನ್ನು ಪೂರ್ತಿ ಒಳಕ್ಕೆ ತಳ್ಳಿ, 2-3 ಮಿ.ಮೀ. ಹಿಂದಕ್ಕೆಳೆದು ಬಿಗಿಯಿರಿ. ಆಳವಾದ ಗಾಡಿಯನ್ನು ಒಂದೇ ಸಲ ಕೊರೆಯಬೇಡಿ. ಸಣ್ಣ ಬಿಟ್ ಆದರೆ ಸಲಕ್ಕೆ 3 ಮಿ.ಮೀ. ಸಾಕು. ಬಿಟ್ ದೊಡ್ಡದಾದಷ್ಟೂ ವೇಗ ಇಳಿಸಬೇಕು. ಹಲಗೆಯ ಹೊರಅಂಚು ನಿಮ್ಮ ಕಡೆಗಿದ್ದರೆ ಕೈಯಂತ್ರವನ್ನು ಎಡದಿಂದ ಬಲಕ್ಕೆ ನಡೆಸಿ. ತಿರುವುಮುರುವಾದರೆ ಬಿಟ್ ಮರವನ್ನು ಹತ್ತಿ ಓಡಿ, ಯಂತ್ರ ಕೈತಪ್ಪುತ್ತದೆ. ಸಡಿಲ ತೋಳಿನ ಅಂಗಿ ಬೇಡ, ಕೈಗವಸೂ ಬೇಡ. ಬಟ್ಟೆ ಸಿಕ್ಕಿದರೆ ಕೈಯನ್ನೇ ಎಳೆಯುತ್ತದೆ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಮೂಗಿಗೆ ಮಾಸ್ಕ್ ಇರಲಿ. ಮರದ ಧೂಳು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪ್ರಕಟಿಸಿದೆ.

ಮರ ಕಪ್ಪಾಗಿ ಸುಟ್ಟರೆ, ಹೆಚ್ಚು ಒತ್ತಬೇಕಾಗಿ ಬಂದರೆ, ಬಿಟ್ ಮೊಂಡಾಗಿದೆ ಇಲ್ಲವೇ ಅಂಟು ಹಿಡಿದಿದೆ ಎಂದು ತಿಳಿಯಿರಿ. ಬೇರಿಂಗ್ ಬಿಚ್ಚಿಟ್ಟು, ಸೋಪುನೀರಿನಲ್ಲಿ ನೆನೆಸಿ, ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ತುಸು ಎಣ್ಣೆ ಸವರಿ. ಹರಿತ ಮಾಡುವಾಗ ಡೈಮಂಡ್ ಕಲ್ಲಿನಿಂದ ಒಳಗಿನ ಚಪ್ಪಟೆ ಮುಖವನ್ನು ಮಾತ್ರ, ಎರಡೂ ಬಾಯಿಗೆ ಸಮನಾಗಿ ತೀಡಿ. ತುದಿ ಮುರಿದ ಬಿಟ್ ಇನ್ನು ಕೆಲಸಕ್ಕೆ ಬಾರದು, ಎಸೆಯಿರಿ.

ಇಷ್ಟೆಲ್ಲ ಹುಡುಗನೊಬ್ಬನ ಜವಾಬ್ದಾರಿಯಲ್ಲ. ಹೊಸ ಬಿಟ್ ಕೇಳಿದರೆ ಗದರಿಸಿ, ಮೊಂಡಾದುದರಲ್ಲೇ ದುಡಿಸುವ ಮಾಲೀಕನು ಉಳಿಸುವುದು ಕೆಲವು ನೂರು ರೂಪಾಯಿ. ಕಾರ್ಮಿಕ ಕಳೆದುಕೊಳ್ಳುವುದು ಜೀವಮಾನದ ಅನ್ನ. ಕೆಲಸದಲ್ಲಾದ ಗಾಯಕ್ಕೆ ಮಾಲೀಕನು ಪರಿಹಾರ ಕೊಡಬೇಕೆಂಬ ನಿಯಮ 1923ರ ಕಾಯಿದೆಯಿಂದ ಬಂದದ್ದು, ಈಗಲೂ ಕಾನೂನಿನಲ್ಲಿದೆ. ಆದರೆ ರಕ್ಷಣೆಗೆಂದು ಕೊಟ್ಟ ಗಾರ್ಡನ್ನು ಕೆಲಸಗಾರನೇ ಬೇಕೆಂದು ಕಿತ್ತಿದ್ದರೆ, ಅದನ್ನೇ ಹಿಡಿದು ಪರಿಹಾರ ನಿರಾಕರಿಸಲು ಅವಕಾಶವೂ ಉಂಟು. ಆದುದರಿಂದ ಗಾರ್ಡ್ ತೆಗೆಯಬೇಡಿ, ತೆಗೆಯೆಂದರೆ ಒಪ್ಪಬೇಡಿ, ಯೂನಿಯನ್ನಿಗೆ ತಿಳಿಸಿ.

ತಾಯಂದಿರೇ, ತಂದೆಯರೇ, ಮಗ ಶೆಡ್ಡಿನಿಂದ ಬಂದಾಗ ಸಂಬಳ ಎಷ್ಟೆಂದು ಕೇಳುವ ಮೊದಲು, ಯಂತ್ರಕ್ಕೆ ಗಾರ್ಡ್ ಇದೆಯೇ ಎಂದು ಕೇಳಿರಿ.